ಮೊಣಕಾಲು ತೋರಿಸಿದ ಜಾಗ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅಚ್ಚಿನಲ್ಲಿ ತಮ್ಮ ಹೆಸರು ಕಂಡರೆ ಅವರಿಗೆ ಭಯ. ಒಮ್ಮೆ ಯಾರೋ ನೆಂಟರು ಮದುವೆಯ ಕರೆಯೋಲೆಯಲ್ಲಿ ಅವರ ಹೆಸರನ್ನೂ ಸೇರಿಸಿ ಹಾಕಿಸಿದ್ದರು. "ಹೆಸರು ಹಾಕ್ಯಾರ ಅಂದ್ರ ನಾಳಿ ಏನರ ಹೆಚ್ಚುಕಮ್ಮಿ ಆದ್ರ ನನ್ನ ಕೇಳ್ತಾರಲ್ರೀ" ಎಂದು ಆ ಮದುವೆ ಮುಗಿಯುವವರೆಗೂ ಅವರಿಗೆ ಊಟ ಸೇರಿರಲಿಲ್ಲ. ಬಳ್ಳಾರಿಯ ನಮ್ಮ ಹಳೆಯ ವಠಾರದಲ್ಲಿ ದೊಡ್ಡವರು ಚಿಕ್ಕವರು ಎಲ್ಲರಿಗೂ ಅವರು 'ಫೋಟೋದವರು'. ಇಲ್ಲಿಯೂ ಹಾಗೆಯೇ ಇರಲಿ.

ಹೋದ ವಾರ ಮಾರೆಪ್ಪ ಬಂದಿದ್ದ. ಒಂದು ಕಾಲಕ್ಕೆ ಬಾಡಿಗೆ ಮೋಟಾರು ಓಡಿಸುತ್ತಿದ್ದವನು, ಈಗ ಕಣ್ಣು ಮಂಜಾಗಿ ಮಗನ ಮನೆಯಲ್ಲಿದ್ದಾನೆ. ಜಗುಲಿಯ ಮೇಲೆ ಕೂತು, ಚಹಾವನ್ನು ಬಸಿಗೆ ಸುರಿದುಕೊಂಡು ಆರಿಸುತ್ತ, "ಅವ್ವಾರ, ಫೋಟೋದ ಸಾಮೇರು ಹೋದ್ರಂತ್ರಿ. ಮಲಗಿದಲ್ಲೇ" ಎಂದ. ದುಃಖ ಆಮೇಲೆ ಬಂತು. ಮೊದಲು ನನಗೆ ಅನ್ನಿಸಿದ್ದು, ಸದ್ಯ, ಅವರಿಗೆ ಹೆದರಿಕೊಳ್ಳಲು ಪುರಸೊತ್ತು ಸಿಗಲಿಲ್ಲವಲ್ಲ ಎಂದು. ಮಾರೆಪ್ಪನೂ ಅದನ್ನೇ ಯೋಚಿಸುತ್ತಿದ್ದನೋ ಏನೋ. ಚಹಾ ಮುಗಿಸಿ, ಬಸಿ ಬೋರಲು ಹಾಕಿ, "ಪುಣ್ಯವಂತ್ರು ಬಿಡ್ರಿ" ಎಂದ.

ಅವರಷ್ಟು ಹೆದರುವ ಮನುಷ್ಯರನ್ನು ನಾನು ಕಂಡಿಲ್ಲ. ಗುಡುಗಿಗೆ, ಎಮ್ಮೆಗೆ, ಪೊಲೀಸಿನವರಿಗೆ, ಡಾಕ್ಟರಿಗೆ, ಬಾವಿಯ ಅಂಚಿಗೆ, ಹೊಸ ಚಪ್ಪಲಿಗೆ ಕೂಡ. ಹೊಸ ಚಪ್ಪಲಿ ಜಾರುತ್ತದಂತೆ. ಹಲ್ಲಿ ಗೋಡೆಯಿಂದ ಬಿದ್ದರೆ ಹೆಂಡತಿಯನ್ನು ಕೂಗುತ್ತಿದ್ದರು. ಆಕೆಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಒಲೆಯ ಮುಂದಿನಿಂದ ಎದ್ದು, ಕೈಯಲ್ಲಿ ಊದುಗೊಳವೆ ಹಿಡಿದೇ ಬಂದು, ಹಲ್ಲಿಯನ್ನು ಅಟ್ಟಿ, "ಅದು ನಿಮ್ಮನ್ನ ನೋಡಿ ಹೆದರಿ ಬಿದ್ದೈತಿ. ಈಗ ಇಬ್ರೂ ಸುಮ್ಮಗಾಗ್ರಿ" ಎಂದು ಹೇಳಿ ಹೋಗುತ್ತಿದ್ದರು. ಬಸ್ಸಿನಲ್ಲಿ ಇಳಿಜಾರು ಬಂದರೆ ಫೋಟೋದವರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಯಾಕೆಂದು ಕೇಳಿದರೆ, "ಜಿಗಿಯೂದು ಬಂದ್ರ ಅಡ್ಡ ಆಗಬಾರದ್ರಿ."

ಯುದ್ಧದ ಕಾಲದಲ್ಲಿ ಒಂದು ದಿನ ಖಾಕಿ ತೊಟ್ಟವನೊಬ್ಬ ವಠಾರದ ಬಾಗಿಲಿಗೆ ಬಂದು ಮಾರ್ಕೆಟ್ಟಿಗೆ ಹೋಗುವ ದಾರಿ ಕೇಳಿದ. ಅಷ್ಟೇ ಕೇಳಿದ್ದು. ಇವರು ದಾರಿ ಹೇಳಿದ್ದಲ್ಲದೆ, ನಮ್ಮ ಮನೆಯಲ್ಲಿ ಪಡಿತರಕ್ಕಿಂತ ಹೆಚ್ಚಾಗಿ ಬಚ್ಚಿಟ್ಟ ಸೀಮೆಎಣ್ಣೆಯ ಡಬ್ಬಿ ಮಂಚದ ಕೆಳಗಿದೆ, ತಮ್ಮ ಮನೆಯದು ಬಚ್ಚಲಲ್ಲಿದೆ ಎಂಬುದನ್ನೂ ಹೇಳಿಬಿಟ್ಟರು. ಆ ಮನುಷ್ಯ ತಬ್ಬಿಬ್ಬಾಗಿ ಮಾರ್ಕೆಟ್ಟಿನ ಕಡೆ ಹೋದ. ನನ್ನ ಯಜಮಾನರು ನಗಬೇಕೋ ಬೈಯಬೇಕೋ ತಿಳಿಯದೆ ನಿಂತಿದ್ದಾಗ ಇವರು ಹೇಳಿದ ಮಾತು: "ನನಗ ಯಾರರ ಜೋರಾಗಿ ಮಾತಾಡಿದ್ರ ಒಳಗ ಇದ್ದದ್ದು ಉಳಿಯೂದಿಲ್ರೀ. ತಂಬಗಿ ಬೋರಲಾದಂಗ."

ಇಂಥವರ ಸ್ಟುಡಿಯೋಕ್ಕೆ ಮಂದಿ ಮುಗಿಬಿದ್ದು ಬರುತ್ತಿದ್ದರು. ಕಾರಣವಿತ್ತು. ಆ ಕಾಲದಲ್ಲಿ ಕ್ಯಾಮೆರಾದ ಮುಂದೆ ಕೂತವರ ಮುಖ ಸೆಟೆದುಕೊಂಡು ಕಟ್ಟಿಗೆಯಾಗುತ್ತಿತ್ತು. ಇವರು ಕ್ಯಾಮೆರಾಕ್ಕೆ ಹೊದಿಸಿದ ಕರಿ ಬಟ್ಟೆಯೊಳಗಿಂದ ತಲೆ ಹೊರಗೆ ತೆಗೆದು, "ಹೆ... ಹೆದರಬ್ಯಾಡ್ರಿ" ಎನ್ನುತ್ತಿದ್ದರು. ದನಿ ಎಷ್ಟು ನಡುಗುತ್ತಿತ್ತೆಂದರೆ ಕೂತವರಿಗೆ ನಗು ಬಂದುಬಿಡುತ್ತಿತ್ತು. ಬಳ್ಳಾರಿ ಸೀಮೆಯ ಎಷ್ಟೋ ಮನೆಗಳ ಗೋಡೆಯ ಮೇಲೆ ಇಂದಿಗೂ ನಗುತ್ತಿರುವ ಹಿರಿಯರೆಲ್ಲ ಅವರ ಹೆದರಿಕೆಯನ್ನು ನೋಡಿ ನಕ್ಕವರೇ.

ಸ್ಟುಡಿಯೋದ ಹಿಂಭಾಗದಲ್ಲಿ ಒಂದು ಪರದೆ ಇತ್ತು. ಅದರ ಮೇಲೆ ಯಾವ ದೇಶದ್ದೋ ಹಿಮದ ಗುಡ್ಡ, ಕೆಳಗೆ ಕೊಳ. ಒಮ್ಮೆ ಸಿರಿಗೇರಿಯ ರೈತನೊಬ್ಬ ಹೆಂಡತಿ ಸಮೇತ ಬಂದವನು, ಕುರ್ಚಿಯಲ್ಲಿ ಕೂರುವ ಮೊದಲು ತಿರುಗಿ ಆ ಗುಡ್ಡವನ್ನು ನೋಡಿ, "ಗುಡ್ಡಕ್ಕ ಸುಣ್ಣ ಬಳದಾರೇನ್ರಿ?" ಎಂದು ಕೇಳಿದ. "ಅದು ಹಿಮ, ಅಪ್ಪಾ." "ನಮ್ಮ ಕಡಿ ಇಲ್ಲಲ್ರೀ ಅದು. ನಮ್ಮನ್ನ ಅದರ ಮುಂದ ಕುಂದ್ರಿಸಿದ್ರ, ನಾವು ಎಲ್ಲಿಗೋ ಗುಳೇ ಹೋಗಿದ್ವಿ ಅಂತಾರ ಊರಾಗ." ಆ ಮಾತು ಫೋಟೋದವರ ಮನಸ್ಸಿನಲ್ಲಿ ಮುಳ್ಳಿನಂತೆ ನಿಂತುಬಿಟ್ಟಿತು. ನಮ್ಮದೇ ಗುಡ್ಡದ ಒಂದು ಚಂದದ ಚಿತ್ರ ತೆಗೆದು, ಅದನ್ನು ಪರದೆ ಬರೆಯುವವನಿಗೆ ಕೊಟ್ಟು, ನಮ್ಮ ಮಂದಿ ನಮ್ಮ ಗುಡ್ಡದ ಮುಂದೆಯೇ ಕೂರುವಂತೆ ಮಾಡಬೇಕು. ಇಡೀ ಜೀವನದಲ್ಲಿ ಅವರು ಹಟ ಹಿಡಿದದ್ದು ಇದೊಂದಕ್ಕೆ.

ಗುಡ್ಡಗಳೇನೋ ಬೇಕಾದಷ್ಟಿದ್ದವು. ಆದರೆ ನಮ್ಮ ಗುಡ್ಡಗಳು ಕಣ್ಣಿಗೆ ಕಂಡಂತೆ ಕಾಗದದಲ್ಲಿ ಬರುವುದಿಲ್ಲ. ಬಿಸಿಲಿನ ಝಳಕ್ಕೆ ಬಂಡೆಗಳ ಮೈ ಸಪಾಟಾಗಿ, ಗುಡ್ಡವೆಲ್ಲ ಒಂದು ಗುಪ್ಪೆಯಾಗಿ ಕಾಣುತ್ತದೆ. ಅವರು ತೆಗೆದು ತಂದ ಚಿತ್ರಗಳನ್ನು ಅಕ್ಕ ಕಿಟಕಿಯ ಬೆಳಕಿಗೆ ಹಿಡಿದು, "ಇದು ಬಳ್ಳಾರಿ ಗುಡ್ಡ ಅಂತೀರಿ, ನನಗ ತಿಪ್ಪಿ ಕಂಡಂಗ ಕಾಣತೈತಿ" ಎನ್ನುತ್ತಿದ್ದರು. ಇವರು ಸುಮ್ಮನೆ ಕೇಳಿಕೊಂಡು, ಮುಂದಿನ ಅಮಾವಾಸ್ಯೆಗೆ ಸ್ಟುಡಿಯೋಕ್ಕೆ ರಜೆ ಹಾಕಿ ಮತ್ತೆ ಹೊರಡುತ್ತಿದ್ದರು. ಎತ್ತಿನ ಬಂಡಿಯೋ, ಇದ್ದಿಲ ಹೊಗೆಯ ಬಸ್ಸೋ, ಮಾರೆಪ್ಪನ ಮೋಟಾರೋ, ಸಿಕ್ಕಿದ್ದರಲ್ಲಿ.

ಜಾಗ ಹುಡುಕಲು ಅವರದೊಂದು ಕ್ರಮವಿತ್ತು. ಗುಡ್ಡದ ದಾರಿಯಲ್ಲಿ ಇಳಿದು, ಅಂಚಿನುದ್ದಕ್ಕೂ ನಿಧಾನ ನಡೆಯುತ್ತಿದ್ದರು. ಕಣ್ಣು ಎಲ್ಲೋ, ಗಮನವೆಲ್ಲ ಕಾಲಿನ ಮೇಲೆ. ಒಂದೆಡೆ ಮೊಣಕಾಲು ಅದುರತೊಡಗಿದರೆ ನಿಲ್ಲುತ್ತಿದ್ದರು. ಮುಂದೆ ಒಂದು ಹೆಜ್ಜೆ, ಹಿಂದೆ ಒಂದು ಹೆಜ್ಜೆ. ಎಲ್ಲಿ ನಡುಕ ಹೆಚ್ಚೋ ಅಲ್ಲಿ ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಕೋಲು ನೆಡುವುದು. "ಎಲ್ಲಿ ಹೆಚ್ಚು ಕಾಣತೈತೋ ಅಲ್ಲೇ ಹೆಚ್ಚು ಹೆದರಿಕಿ ಅಲ್ಲೇನ್ರಿ? ಕಣ್ಣು ಮೋಸ ಮಾಡತಾವ. ಕಾಲು ಮಾಡೂದಿಲ್ಲ." ಕರಿ ಬಟ್ಟೆಯೊಳಗೆ ತಲೆ ಹಾಕಿದ ಮೇಲೆ ಅವರಿಗೆ ನೆಲದ ಪರಿವೆ ಇರುತ್ತಿರಲಿಲ್ಲ. ಅದಕ್ಕೇ ಅಕ್ಕ ತಮ್ಮ ಹಳೆಯ ಇಳಕಲ್ ಸೀರೆಯೊಂದನ್ನು ಅವರ ಸೊಂಟಕ್ಕೆ ಸುತ್ತಿ ಗಂಟು ಹಾಕಿ ಕಳಿಸುತ್ತಿದ್ದರು. ಇನ್ನೊಂದು ತುದಿ ಹಿಡಿಯುವುದು ಬಹಳ ಸಲ ನನ್ನ ಯಜಮಾನರ ಕೆಲಸ. ಬಳ್ಳಾರಿ ಕೋಟೆ ಗುಡ್ಡದ ಮೇಲೆ ಒಬ್ಬ ಗಂಡಸು ಇನ್ನೊಬ್ಬ ಗಂಡಸನ್ನು ಸೀರೆಯಲ್ಲಿ ಕಟ್ಟಿ ಹಿಡಿದು ನಿಂತಿರುವುದನ್ನು ನೋಡಿ ಮಂದಿ ಏನೇನೋ ಅಂದುಕೊಂಡದ್ದುಂಟು.

ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆ. ಆಗ ಹೊಳೆಯ ಈಚೆ ನಮ್ಮ ಸೀಮೆ, ಆಚೆ ನಿಜಾಮರ ಸೀಮೆ. ಆಚೆ ಗಲಭೆ ಎದ್ದು, ಗಂಟುಮೂಟೆ ಹೊತ್ತವರು ಹೊಳೆ ದಾಟಿ ಸಿರುಗುಪ್ಪದ ಕಡೆ ಬರುತ್ತಿದ್ದರು. ಬಂದವರ ಹಿಂದೆಯೇ ಸುದ್ದಿಗಳೂ ಬಂದವು. ಆಚೆಯಿಂದ ಗುಂಪು ಕಟ್ಟಿಕೊಂಡು ಬರುತ್ತಾರಂತೆ, ಮೊದಲು ಯಾರನ್ನೋ ಕಳಿಸಿ ಊರು ನೋಡಿಸುತ್ತಾರಂತೆ, ಆಮೇಲೆ ಬೆಂಕಿ ಇಡುತ್ತಾರಂತೆ. ನಿಜವೆಷ್ಟೋ ಸುಳ್ಳೆಷ್ಟೋ. ಬಳ್ಳಾರಿಯಲ್ಲಿದ್ದ ನಾವೇ ಬಾಗಿಲ ಪಕ್ಕದಲ್ಲಿ ಖಾರದಪುಡಿಯ ಡಬ್ಬಿ ಇಟ್ಟುಕೊಂಡಿದ್ದೆವು. ಬೀದಿಯಲ್ಲಿ ಹುಡುಗರು ಸಿಳ್ಳೆ ಹಾಕಿದರೂ ಊಟದಿಂದ ಎದ್ದು ಹೋಗಿ ಅಗುಳಿ ನೋಡುತ್ತಿದ್ದೆವು. ನಾನು ಆ ಬೇಸಿಗೆಯಲ್ಲಿ ಮಾಡಿದ ಸಾರಿಗೆಲ್ಲ ಉಪ್ಪು ಎರಡೆರಡು ಸಲ ಬಿದ್ದಿತ್ತು ಎಂದು ನನ್ನ ಯಜಮಾನರು ಇಂದಿಗೂ ಹೇಳುತ್ತಾರೆ.

ಸಿರುಗುಪ್ಪದಲ್ಲಿ ನನ್ನ ಅವ್ವ ಒಬ್ಬಳೇ ಇದ್ದಳು. ಕರೆದುಕೊಂಡು ಬರಬೇಕು. ಯಜಮಾನರಿಗೆ ಕಚೇರಿಯಲ್ಲಿ ರಜೆ ಸಿಗಲಿಲ್ಲ. ಮಾರೆಪ್ಪನ ಮೋಟಾರು ಗೊತ್ತುಮಾಡಿದ್ದಾಯಿತು. ಹೆಂಗಸೊಬ್ಬಳೇ ಹೇಗೆ ಹೋಗುವುದು ಎಂದಾಗ ಅಕ್ಕ, "ನಾನೂ ಬರ್ತೀನಿ" ಎಂದರು. ಅಕ್ಕ ಬಂದರೆ ಮನೆಯಲ್ಲಿ ಒಬ್ಬರೇ ಇರಲು ಹೆದರಿಕೆಯಾಗಿ ಫೋಟೋದವರೂ ಹೊರಟರು. ಹೊರಟ ಮೇಲೆ ಕ್ಯಾಮೆರಾ ಬಿಟ್ಟು ಹೇಗೆ ಬಂದಾರು? ಕುರುಗೋಡಿನ ಮೇಲೆ ಹೋದರೆ ದಾರಿಯುದ್ದಕ್ಕೂ ಗುಡ್ಡ. "ಇಂಥಾ ಹೊತ್ತಿನಾಗ ಬ್ಯಾಡ್ರೀ" ಎಂದು ನಾನೂ ಅಂದೆ. "ಹೆದರಿಕಿ ಹೆಂಗೂ ಆಗತೈತಿ. ಚಿತ್ರ ಸಿಕ್ರ ಸಿಗ್ಲಿ" ಎಂದರು.

ಬೆಳಿಗ್ಗೆ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು ಬುತ್ತಿ ಕಟ್ಟಿಕೊಂಡು ಹೊರಟೆವು. ಮುಂದೆ ಮಾರೆಪ್ಪ, ಅವನ ಪಕ್ಕ ಚಪ್ಪಲಿ ಕೈಯಲ್ಲಿ ಹಿಡಿದ ಫೋಟೋದವರು, ಹಿಂದೆ ನಾವಿಬ್ಬರು, ನಡುವೆ ಕ್ಯಾಮೆರಾದ ಮರದ ಪೆಟ್ಟಿಗೆ. ಕುರುಗೋಡಿನಲ್ಲಿ ಬಸವಣ್ಣನಿಗೆ ಕಾಯಿ ಒಡೆಸಿದೆವು. ಅಲ್ಲಿಯ ಗುಡ್ಡದ ಬುಡದಲ್ಲಿ ಇಳಿದು ಅವರು ಅತ್ತಿತ್ತ ನಡೆದು ನೋಡಿದರು.

"ಸಾಮೇರ, ಕಾಲು ಏನಂತಾವ?" ಮಾರೆಪ್ಪ ಕೂಗಿದ.

"ಸುಮ್ಮನದಾವಪ್ಪ."

"ಹೊಟ್ಟಿ ಹಸದೈತೋ ಏನೋ ಅವಕ್ಕ. ಬರ್ರಿ, ಮುಂದ ನೋಡೂಣು."

ಹೀಗೇ ನಿಲ್ಲುತ್ತ, ಇಳಿಯುತ್ತ, ಹತ್ತುತ್ತ ಹೋದೆವು. ತೆಕ್ಕಲಕೋಟೆ ಇನ್ನೂ ಮುಂದಿರುವಾಗಲೇ ದಾರಿ ಎರಡು ಗುಡ್ಡಗಳ ಸಂದಿಗೆ ಏರಿತು. ಬಿಸಿಲು ಆಗಲೇ ಓರೆಯಾಗಿತ್ತು. ಬಂಡೆಗಳಿಗೆ ಒಂದು ಮಗ್ಗುಲು ಬೆಳಕು, ಒಂದು ಮಗ್ಗುಲು ನೆರಳು ಬಂದು, ಪ್ರತಿಯೊಂದೂ ಬೇರೆ ಬೇರೆಯಾಗಿ ಎದ್ದು ನಿಂತಿತ್ತು. ಮೋಟಾರು ನಿಲ್ಲಿಸಿ, ಮಾರೆಪ್ಪನನ್ನು ಅದರ ಬಳಿ ಬಿಟ್ಟು, ಕಾಲುದಾರಿ ಹಿಡಿದು ಹತ್ತಿದೆವು. ಮೇಲೆ ಆನೆಯ ಬೆನ್ನಿನಂಥ ಒಂದು ಬಂಡೆ. ಅದರ ಮೇಲೆ ಅವರು ಕಾಲಿಟ್ಟದ್ದೇ ತಡ, ಪಂಚೆಯ ನೆರಿಗೆ ಗಾಳಿಯಿಲ್ಲದೆ ಅಲುಗತೊಡಗಿತು.

"ಇಲ್ಲೇ... ಇಲ್ಲೇ ನೋಡ" ಎಂದರು.

ನಾನೂ ಅಕ್ಕನೂ ಸೀರೆಯ ತುದಿ ಹಿಡಿದು, ಒಂದು ಕಲ್ಲಿಗೆ ಕಾಲು ಕೊಟ್ಟು ಕೂತೆವು. ಕೆಳಗೆ ಒಂದು ಹಳ್ಳಿ. ಗುಡಿ, ಬಾವಿ, ಬೇವಿನ ಮರಗಳು, ಮಣ್ಣಿನ ಮಾಳಿಗೆಗಳು, ಜೋಳ ಕೊಯ್ದ ಹೊಲಗಳು, ಅವುಗಳಾಚೆ ಬಹುದೂರದಲ್ಲಿ ಹೊಳೆಯ ಬೆಳ್ಳನೆಯ ಗೆರೆ. ಗುಡ್ಡದ ಸಾಲು ಊರನ್ನು ತೋಳಿನಲ್ಲಿ ಇಟ್ಟುಕೊಂಡಂತೆ ಬಳಸಿತ್ತು. ನನಗೆ ಚಿತ್ರದ ವಿಷಯ ತಿಳಿಯದು. ಆದರೂ ಅದನ್ನು ನೋಡಿ ಒಂದು ಕ್ಷಣ ಹೆದರಿಕೆ ಮರೆತೆ.

ಅವರು ಒಂದು ಗಾಜಿನ ಪ್ಲೇಟಿನ ಮೇಲೆ ಚಿತ್ರ ತೆಗೆದರು. ಕರಿ ಬಟ್ಟೆಯಿಂದ ಹೊರಬಂದಾಗ ಮುಖವೆಲ್ಲ ಬೆವರು. ಅಕ್ಕನ ಕಡೆ ತಿರುಗಿ, "ಸಿಕ್ತು ನೋಡು. ಇಷ್ಟು ವರ್ಷಕ್ಕ" ಎಂದರು. ಅಕ್ಕ ಕೊಂಕು ಮಾತಾಡಲಿಲ್ಲ. ಸೆರಗಿನಿಂದ ಅವರ ಹಣೆ ಒರೆಸಿದರು. ಆ ಪ್ಲೇಟನ್ನು ಅದರ ಕರಿ ಕವಚದೊಳಗೇ ಬಿಟ್ಟು, ಪೆಟ್ಟಿಗೆಯಲ್ಲಿಟ್ಟು, ಇನ್ನೊಂದು ತೆಗೆಯೋಣವೆಂದು ಅವರು ಮತ್ತೆ ಬಟ್ಟೆಯೊಳಗೆ ತಲೆ ಹಾಕಿದರು.

ಆಗ ಕೆಳಗಿನಿಂದ ಒಂದು ಹೆಂಗಸಿನ ಕೂಗು ಕೇಳಿತು. ಹುಲ್ಲು ಕೊಯ್ಯುತ್ತಿದ್ದವಳು, ಬಂಡೆಯ ಮೇಲೆ ಮೂರು ಕಾಲಿನ ಕರಿಯದೇನೋ ನಿಂತಿರುವುದನ್ನು ನೋಡಿ, ಹೊರೆ ಬಿಸಾಕಿ ಊರ ಕಡೆ ಓಡುತ್ತಿದ್ದಳು. ನಾವು ಸಾಮಾನು ಕಟ್ಟಬೇಕು ಎಂದುಕೊಳ್ಳುವಷ್ಟರಲ್ಲಿ ಕೋಲು, ಕುಡುಗೋಲು, ಕೊಡಲಿ ಹಿಡಿದ ಗಂಡಸರು ಕಾಲುದಾರಿಯ ತುಂಬ ಏರಿ ಬರುತ್ತಿದ್ದರು. ಅವ್ವ ನೆನಪಾದಳು. ಕೈ ಮಾತ್ರ ಸೀರೆಯ ತುದಿ ಬಿಡಲಿಲ್ಲ. ಬಿಡಲು ಬರುತ್ತಿರಲಿಲ್ಲ, ಬೆರಳು ಮರಗಟ್ಟಿದ್ದವು.

ಮುಂದೆ ಕೆಂಪು ರುಮಾಲಿನವನೊಬ್ಬ. ಅವನೇ ಕೂಗಿದ್ದು. "ಯಾರಲೇ ನೀವು? ಗುಡ್ಡದ ಮ್ಯಾಲೆ ಏನು ಮಾಡಾಕತ್ತೀರಿ?"

"ಚಿ... ಚಿತ್ರ ತೆಗಿಯಾಕ ಬಂದೀವ್ರಿ."

"ಯಾರ ಚಿತ್ರ? ಇಲ್ಲಿ ಯಾರದಾರ?"

"ಯಾರೂ ಇಲ್ರೀ. ಗುಡ್ಡದ ಚಿತ್ರ."

"ಗುಡ್ಡದ ಚಿತ್ರ ಯಾಕ ಬೇಕು? ಗುಡ್ಡ ಎಲ್ಲಿಗರ ಹೊಂಟೈತೇನು?"

ಹಿಂದಿದ್ದವರು ಒಂದಿಬ್ಬರು ನಕ್ಕರು. ಅವನು ನಗಲಿಲ್ಲ. "ಸುಳ್ಳು. ಊರು ನೋಡಾಕ ಬಂದಾರ. ಹೊಳಿ ಆಚಿಯವರು ಕಳಸ್ಯಾರ."

ಮಾರೆಪ್ಪ ಕೆಳಗಿನಿಂದ ಏದುಸಿರು ಬಿಡುತ್ತ ಬಂದು, "ಅಣ್ಣಾ, ಬಳ್ಳಾರಿ ಮಂದಿ ನಾವು, ತಾಯಿನ್ನ ಕರಕೊಂಡು ಬರಾಕ ಸಿರುಗುಪ್ಪಕ್ಕ ಹೊಂಟೀವಿ" ಎಂದ. "ತಾಯಿನ್ನ ಕರಿಯಾಕ ಗುಡ್ಡ ಯಾಕ ಹತ್ತಿದ್ರಿ?" ಎಂದರು ಗುಂಪಿನವರು.

"ಆ ಬಟ್ಟಿ ಒಳಗ ಏನೈತಿ?" ಕೆಂಪು ರುಮಾಲಿನವ ಕೇಳಿದ. "ಗಾಜು ಐತ್ರಿ, ನೀವ ನೋಡ್ರಿ" ಎಂದು ಫೋಟೋದವರು ಸರಿದು ನಿಂತರು. ಅವನು ಕುಡುಗೋಲನ್ನು ಪಕ್ಕದವನ ಕೈಗೆ ಕೊಟ್ಟು ಬಟ್ಟೆಯೊಳಗೆ ತಲೆ ಹಾಕಿದ. ಮರುಕ್ಷಣವೇ ಹಾವು ಕಂಡವನಂತೆ ಹಿಂದಕ್ಕೆ ಜಿಗಿದ.

"ಊರು ತಲಿಕೆಳಗ ಐತಿ! ಗುಡಿ ಕೆಳಗ ಜೋತುಬಿದ್ದೈತಿ. ಊರು ಹೊಳ್ಯಾಗ ಬೀಳಾಕತ್ತೈತಿ!"

ಕ್ಯಾಮೆರಾದ ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿಯೇ ಕಾಣುವುದು. ವಠಾರದ ಮಕ್ಕಳಿಗೂ ಅದು ಗೊತ್ತಿತ್ತು. ಆದರೆ ಆ ಬೇಸಿಗೆಯಲ್ಲಿ, ಹೊಳೆಯ ಕಡೆಯಿಂದ ಏನು ಬರುತ್ತದೋ ಎಂದು ದಿನಾ ಕಾದು ಕೂತವರಿಗೆ, ತಮ್ಮ ಊರು ಬಾವಲಿಯಂತೆ ನೇತಾಡುತ್ತ, ಹೊಳೆ ಅದರ ನೆತ್ತಿಯ ಕೆಳಗೇ ಬಂದು ನಿಂತಿರುವುದು ಕಂಡರೆ ಏನಾಗಬೇಕು? ಮತ್ತೊಬ್ಬ ನೋಡಿದ. ಇನ್ನೊಬ್ಬ ನೋಡಿದ. ನೋಡಿದವರೆಲ್ಲ ಮುಖ ಬಿಳುಚಿಕೊಂಡು ಹೊರಗೆ ಬಂದರು. "ಮಾಟ ಮಾಡ್ಯಾನ. ಊರು ಮಗಚಾಕ ಮಾಡ್ಯಾನ" ಎಂದು ಯಾರೋ ಅಂದದ್ದು ಬಾಯಿಂದ ಬಾಯಿಗೆ ಹೋಯಿತು.

"ಗಾಜಿನಾಗ ಹಂಗ ಕಾಣತೈತ್ರಿ. ಕಾಗದದಾಗ ನೆಟ್ಟಗ ಬರ್ತೈತಿ" ಎಂದರು ಫೋಟೋದವರು.

"ಅಂದ್ರ ಈಗ ಕೆಡವಿ, ಆಮ್ಯಾಲೆ ನಿಲ್ಲಸ್ತೀ?"

ಅವರು ನಡುಗುತ್ತಿದ್ದರು. ಒಬ್ಬ ಕ್ಯಾಮೆರಾದ ಕಾಲಿಗೆ ಕೋಲು ತಾಗಿಸಿದ. ಆಗ ಅಕ್ಕ ಸಿಡಿದೆದ್ದರು.

"ನಿಮ್ಮೂರು ಮಗಚಾಕ ಇವರ ಕೈಲಿ ಆಗತೈತೇನ್ರೋ? ಮನ್ಯಾಗ ಹಲ್ಲಿ ಬಿದ್ರ ನನ್ನ ಕರೀತಾರ. ಬಿದ್ದಾರು ಅಂತ ನನ್ನ ಸೀರಿ ಕಟ್ಟೀನಿ ಸೊಂಟಕ್ಕ. ಮಾಟ ಮಾಡಾವ್ರು ಹೆಂಡ್ತಿ ಸೀರಿ ಕಟ್ಟಿಕೊಂಡು ಬರ್ತಾರೇನು?"

ಆಗ ಎಲ್ಲರೂ ಆ ಸೀರೆಯನ್ನು ಕಂಡರು. ಸೊಂಟದ ಗಂಟು, ಅಲ್ಲಿಂದ ನಮ್ಮ ಕೈವರೆಗೆ ಬಂದ ತುದಿ. ಯಾರೋ ಕಿಸಕ್ಕೆಂದರು. ನಗು ಗುಂಪಿನಲ್ಲಿ ಸ್ವಲ್ಪ ಹರಡಿತು. ಹಿಂದೆ ನಿಂತಿದ್ದ ಮುದುಕರೊಬ್ಬರು, ಎಲ್ಲರೂ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದರು, ಮುಂದೆ ಬಂದು, "ಸರೀರಲೇ, ನಾ ನೋಡ್ತೀನಿ" ಎಂದರು.

ಬಟ್ಟೆಯೊಳಗೆ ತಲೆ ಹಾಕಿದರು. ಆಮೇಲೆ ಸೊಂಟ ಬಗ್ಗಿಸಿ, ಕತ್ತು ಹೊರಳಿಸಿ, ತಲೆಯನ್ನೇ ತಿರುವುಮುರುವು ಮಾಡಿಕೊಂಡರು. ರುಮಾಲು ಕಳಚಿ ಬಂಡೆಯ ಮೇಲೆ ಉರುಳಿತು. ಒಳಗಿಂದ ದನಿ ಬಂತು:

"ಹಾಂ... ಈಗ ನೆಟ್ಟಗಾತು. ನಾವು ಬಗ್ಗಿದ್ರ ಅದು ನಿಲ್ಲತೈತಿ. ಏನೂ ಮಾಟ ಅಲ್ಲಲೇ. ಗುಡಿ ಐತಿ. ಗುಡಿ ಹಿಂದ ಭಾವಿ ಐತಿ. ಇದು ನಮ್ಮ ಮನಿ. ನೋಡಿದ್ರೇನು, ಹಿತ್ತಲ ಬಾಗಿಲಾ ಹಾರ ಹೊಡದು ತೆರದೈತಿ. ಹಾಕ್ಕೊ ಅಂತ ಸೊಸಿಗೆ ದಿನಾ ಹೇಳ್ತೀನಿ..."

ಎಲ್ಲರೂ ನಕ್ಕರು. ನನಗೂ ಉಸಿರು ಬಂತು. ಮುದುಕರ ಮಾತು ಮುಂದುವರಿಯಿತು, ಆದರೆ ನಿಧಾನವಾಗುತ್ತ ಹೋಯಿತು.

"ಬಣಿವಿ ಒಂದೊಂದೂ ಕಾಣತಾವ. ಹಳ್ಳದ ದಾರಿ ಕಾಣತೈತಿ... ಸೀದಾ ಭಾವಿತನಾ. ಮಾಳಿಗಿ ಮ್ಯಾಲೆ ಯಾರು ಕುಂತಾರ, ಯಾರಿಲ್ಲ... ಯಾವ ಮನ್ಯಾಗ ದನಾ, ಯಾವ ಮನ್ಯಾಗ ಬರೀ ಹೆಣ್ಮಕ್ಕಳು..."

ದನಿ ನಿಂತಿತು. ಅವರು ಹೊರಗೆ ಬಂದರು. ರುಮಾಲು ಎತ್ತಿಕೊಳ್ಳಲಿಲ್ಲ. "ಇಲ್ಲಿಂದ ಎಲ್ಲಾ ಕಾಣತೈತಲೇ" ಎಂದರು.

ಗುಂಪಿನವರೆಲ್ಲ ತಿರುಗಿ ಬರಿಗಣ್ಣಿನಿಂದ ಊರನ್ನು ನೋಡಿದರು. ಹುಲ್ಲಿಗೆ, ಆಡು ಕಾಯುವುದಕ್ಕೆ ಎಂದು ಆ ಬಂಡೆಯ ಮೇಲೆ ಅವರು ಎಷ್ಟು ಸಲ ಕೂತಿದ್ದರೋ. ಪರರ ಕಣ್ಣಿನಿಂದ ತಮ್ಮ ಊರನ್ನು ನೋಡಿದ್ದು ಅದೇ ಮೊದಲಿರಬೇಕು. ಇಷ್ಟು ಹೊತ್ತು ಅವರಿಗಿದ್ದದ್ದು ಸಿಟ್ಟು. ಈಗ ಬಂದದ್ದು ನಿಜವಾದ ಹೆದರಿಕೆ. ಅದು ನನಗೆ ಇನ್ನೂ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮುದುಕರು ಕೇಳಿದರು. "ಆಗಲೇ ತೆಗದೀರೇನು ಚಿತ್ರಾ?"

ಇಲ್ಲ ಎಂದುಬಿಡಬಾರದೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರಿಗೆ ಅದು ಬರುತ್ತಿರಲಿಲ್ಲ. "ಒಂದು ತೆಗದೀನ್ರಿ. ಪೆಟ್ಟಿಗ್ಯಾಗ ಐತಿ."

"ಒಡೀರಿ ಪೆಟ್ಟಿಗಿ!" ಎಂದ ಕೆಂಪು ರುಮಾಲಿನವ.

"ತಡಿಯಲೇ." ಮುದುಕರು ಅವನನ್ನು ಕೈಯಿಂದಲೇ ತಡೆದರು. "ಹೆಣ್ಮಕ್ಕಳನ್ನ ಕರಕೊಂಡು ಬಂದಾರ. ಕೆಟ್ಟ ಮಂದಿ ಅಲ್ಲ. ನೋಡ್ರಿ, ಚಿತ್ರ ಒಯ್ರಿ. ನಿಮ್ಮ ಹೊಟ್ಟಿಪಾಡು. ಆದ್ರ ಕುರುಗೋಡು ಬಸವಣ್ಣನ ಮ್ಯಾಲೆ ಆಣಿ ಮಾಡ್ರಿ. ಈ ಗದ್ದಲ ಮುಗಿಯೂತನಾ ಇದನ್ನ ಯಾರಿಗೂ ತೋರ್ಸೂದಿಲ್ಲ, ಯಾರಿಗೂ ಕೊಡೂದಿಲ್ಲ ಅಂತ. ಆಣಿ ಮಾಡಿ ಕೆಳಗಿಳೀರಿ."

ಇಷ್ಟೇ. ನಮ್ಮ ಸೀಮೆಯಲ್ಲಿ ಬಸವಣ್ಣನ ಆಣೆ ಎಂದರೆ ಅಲ್ಲಿಗೆ ಮಾತು ಮುಗಿಯಿತು. ಆಣೆ ಮಾಡಿದವನನ್ನು ಮತ್ತೆ ಯಾರೂ ಕೇಳುವುದಿಲ್ಲ. ನಾನು ದೇವರೇ ಎಂದುಕೊಂಡೆ. ಮಾರೆಪ್ಪ ಆಗಲೇ ಪೆಟ್ಟಿಗೆ ಎತ್ತಿಕೊಳ್ಳಲು ಬಗ್ಗಿದ.

ಫೋಟೋದವರು ಪೆಟ್ಟಿಗೆಯ ಮೇಲೆ ಕೈ ಇಟ್ಟು ಅವನನ್ನು ತಡೆದರು. "ಆಣಿ ಮಾಡಾಕ ಆಗೂದಿಲ್ರೀ" ಎಂದರು.

"ಏನಂದಿ?" ಕೆಂಪು ರುಮಾಲಿನವ ಮುಂದೆ ಬಂದ.

"ಅಯ್ಯೋ, ಮಾಡ್ರೀ!" ಅಕ್ಕ ಹಲ್ಲು ಕಚ್ಚಿ ಪಿಸುಗುಟ್ಟಿದರು. "ಬೆಳಿಗ್ಗಿ ಅದೇ ಬಸವಣ್ಣಗ ಕಾಯಿ ಒಡಿಸೀರಿ. ಮಾಡ್ರೀ!"

ಕೆಂಪು ರುಮಾಲಿನವ ನಮ್ಮ ಕೈಯಿಂದ ಸೀರೆಯ ತುದಿ ಕಿತ್ತುಕೊಂಡ. ಎಳೆದ ರಭಸಕ್ಕೆ ಫೋಟೋದವರು ಒಂದು ಹೆಜ್ಜೆ ಮುಗ್ಗರಿಸಿದರು. ಬಂಡೆಯ ಅಂಚು ಹತ್ತಿರವಿತ್ತು. ನಾನು ಕಣ್ಣು ಮುಚ್ಚಿಕೊಂಡೆ. "ಆಣಿ ಯಾಕ ಮಾಡಂಗಿಲ್ಲ? ಅಂದ್ರ ತೋರಿಸ್ತೀ ಅಂದಂಗಾತು!"

"ತೋರ್ಸಬಾರದು ಅಂತ ನನಗೂ ಐತ್ರಿ." ಅವರ ದನಿ ಚೂರುಚೂರಾಗಿ ಬರುತ್ತಿತ್ತು. "ಖರೇ ಹೇಳ್ತೀನಿ. ಆದ್ರ ನಾಳಿ ಯಾರರ ಬಂದು, ಈಗ ನೀವು ನಿಂತೀರಲ್ಲ, ಹಿಂಗ ಕೋಲು ಹಿಡದು ನಿಂತು, ಕೊಡು ಅಂದ್ರ... ನಾ ಕೊಟ್ಟುಬಿಡ್ತೀನ್ರಿ. ಕೇಳೂದಕ್ಕಿಂತ ಮೊದಲ ಕೊಡ್ತೀನಿ. ನಾ ಅಂಥಾ ಪುಕ್ಕಲ. ನನ್ನ ನನಗ ಗೊತ್ತೈತಿ. ಆಣಿ ಮಾಡಿ ತಪ್ಪಿದ್ರ ಬಸವಣ್ಣನ ಹೆದರಿಕೀನೂ ಸೇರತೈತಿ. ಅದನ್ನ ಎಲ್ಲಿ ಇಟಗೊಳ್ಳಲಿ?"

ಹೀಗೆಂದು ಅವರು ಕೂತರು. ಕೂತಲ್ಲೇ ಪೆಟ್ಟಿಗೆ ಎಳೆದುಕೊಂಡು ಕೊಂಡಿ ತೆಗೆದರು. ಕರಿ ಕವಚದ ಬಾಗಿಲು ಎಳೆದು, ಒಳಗಿನ ಗಾಜಿನ ಪ್ಲೇಟನ್ನು ಎರಡು ಕೈಯಲ್ಲೂ ಹಿಡಿದು, ಇಳಿಯುತ್ತಿದ್ದ ಬಿಸಿಲಿಗೆ ಎತ್ತಿದರು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಆ ಕೈ ನಡುಗುತ್ತಿರಲಿಲ್ಲ.

ಪ್ಲೇಟು ಕೆನೆಗಟ್ಟಿದ ಹಾಲಿನಂತಿತ್ತು. ಎಲ್ಲರೂ ಬಗ್ಗಿ ನೋಡಿದರು.

"ಇದರಾಗ ಏನೂ ಇಲ್ಲಲ್ಲ?" ಎಂದರು ಮುದುಕರು.

"ಇತ್ರಿ. ಈಗ ಹೋತು. ಬೆಳಕು ಬಿದ್ರ ಇರೂದಿಲ್ಲ."

"ಥೂ ನಿನ್ನ! ಏನೂ ಇರಲಾರದ್ದಕ್ಕ ಇಷ್ಟು ಹೆದರಿಸಿದ್ಯಾ ನಮ್ಮನ್ನ?" ಕೆಂಪು ರುಮಾಲಿನವ ಸೀರೆಯ ತುದಿ ಬಿಟ್ಟುಬಿಟ್ಟ. ಗುಂಪಿನಲ್ಲಿ ಕೋಲುಗಳು ಒಂದೊಂದಾಗಿ ಕೆಳಗಿಳಿದವು. ಬರಿಯ ಗಾಜು ಹೊತ್ತು ತಿರುಗುವ ಹುಚ್ಚನೆಂದು ಕೆಲವರು ನಕ್ಕರು. ಅಲ್ಲಿ ಏನು ಹೋಯಿತೆಂದು ಅವರಾರಿಗೂ ತಿಳಿಯಲಿಲ್ಲ. ಅಕ್ಕ ಮಾತ್ರ ಬಂಡೆಯ ಮೇಲೆ ಕುಸಿದು ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಅವರ ಮುಖ ನೋಡಿ ನನಗೂ ತಿಳಿಯಿತು.

ಮುದುಕರು ಇಬ್ಬರನ್ನು ಆ ಬಂಡೆಯ ಮೇಲೆಯೇ ಕಾವಲಿಗೆ ಕೂರಿಸಿದರು. "ಚಲೋ ಜಾಗ ತೋರಿಸಿದ್ರಿ" ಎಂದು ಫೋಟೋದವರ ಬೆನ್ನು ತಟ್ಟಿದರು. ಅವರು ಹೂಂ ಎಂದರು, ಅಷ್ಟೇ. ನಾವು ಕೆಳಗಿಳಿಯತೊಡಗಿದೆವು. ಇಳಿಜಾರಿನಲ್ಲಿ ಅವರ ಕಾಲು ಎಡವುವುದನ್ನು ನೋಡಿ ಕೆಂಪು ರುಮಾಲಿನವನೇ ಮೂರು ಕಾಲಿನ ಕೋಲನ್ನು ಹೆಗಲಿಗೇರಿಸಿಕೊಂಡ. ಸ್ವಲ್ಪ ದೂರ ನಡೆದು, ಯಾರಿಗೂ ಕೇಳಿಸದ ಹಾಗೆ ಕೇಳಿದ:

"ಅಲ್ರೀ, ಖರೇ ಹೇಳ್ರಿ. ಅದರಾಗ ನಮ್ಮೂರು ಇತ್ತೇನು?"

"ಇತ್ತಪ್ಪ."

"ನಮ್ಮ ಮನಿ?"

"ಯಾವುದು ನಿಮ್ಮನಿ?"

"ಭಾವಿ ಬಾಜೂಕ. ಜೋಡಿ ಬೇವಿನ ಗಿಡ ಅದಾವಲ್ಲ."

ಫೋಟೋದವರು ನಿಂತು, ಕಣ್ಣು ಮುಚ್ಚಿ ಯೋಚಿಸಿದರು. "ಇತ್ತು. ಅಂಗಳದಾಗ ಒಬ್ಬ ಮುದುಕಿ ಮೊರ ಹಿಡಕೊಂಡು ಕುಂತಿದ್ಲು. ಕಾಳು ಕೇರಾಕಂತ ಕುಂತು, ಕೇರೂದು ಬಿಟ್ಟು ಸುಮ್ಮನ ಬಾಗಿಲಾ ನೋಡಾಕತ್ತಿದ್ಲು. ಅಲುಗಾಡಲಿಲ್ಲ. ಅದಕ್ಕ ಚಲೋ ಬಂದಿತ್ತು."

"ನಮ್ಮವ್ವ" ಎಂದ ಅವನು.

ಮೋಟಾರಿನವರೆಗೂ ಅವನೇ ಹೊತ್ತು ತಂದ. ಕೋಲನ್ನು ಹಿಂದಿನ ಸೀಟಿನಲ್ಲಿ, ಕಾಲು ಮುರಿದ ಕರುವನ್ನು ಮಲಗಿಸುವಂತೆ ಮೆಲ್ಲಗೆ ಇಟ್ಟ. "ಎಲ್ಲಾ ತಣ್ಣಗಾದ ಮ್ಯಾಲೆ ಮತ್ತೊಮ್ಮಿ ಬರ್ರಿ. ಅವ್ವನ್ನ ಹಂಗ ಕುಂದ್ರಸ್ತೀನಿ" ಎಂದ.

ಅಂಥ ಹೊತ್ತಿನಲ್ಲಿ ಯಾರಾದರೂ ಆಗಲಪ್ಪ, ಬರುತ್ತೇನೆ ಎನ್ನುತ್ತಾರೆ. ಅವರು ಅನ್ನಲಿಲ್ಲ; ಅವರಿಗೆ ಅದೂ ಆಣೆಯೇ. ಅವನ ಎರಡೂ ಕೈ ಹಿಡಿದುಕೊಂಡರು, ಬಹಳ ಹೊತ್ತು ಹಿಡಿದುಕೊಂಡರು, ಆಮೇಲೆ ಬಿಟ್ಟು ಮೋಟಾರು ಹತ್ತಿದರು.